ಒಂದು ಹಾಳೆಯ ಮೆನು, ನಾಲ್ಕು ಪುಟದ ಮೆನು

ಅಪರಿಚಿತ ದೇಶದ ಅಡುಗೆ ಬಡಿಸುವ ರೆಸ್ಟೋರೆಂಟಿಗೆ ಹೋದರೆ ನಾನು ಮೊದಲು ನೋಡುವುದು ಮೆನುವಿನ ಉದ್ದವನ್ನು. ಬದುಕಿನ ಬಹುಭಾಗ ಹೋಟೆಲುಗಳ ಉಗ್ರಾಣ ನೋಡಿಕೊಂಡವನಿಗೆ ಈ ಚಾಳಿ ನಿವೃತ್ತಿಯ ನಂತರವೂ ಬಿಡುವುದಿಲ್ಲ. ಮೆನು ಉದ್ದವಾದಷ್ಟೂ ಒಳಗಿನ ಫ್ರೀಜರ್ ದೊಡ್ಡದಾಗುತ್ತದೆ. ಫ್ರೀಜರ್ ದೊಡ್ಡದಾದಷ್ಟೂ ತಟ್ಟೆಗೆ ಬರುವ ಪದಾರ್ಥದ ವಯಸ್ಸು ಹೆಚ್ಚುತ್ತದೆ. ಇಲ್ಲಿ ಬರೆಯುತ್ತಿರುವ ಇಥಿಯೋಪಿಯನ್ ರೆಸ್ಟೋರೆಂಟಿನ ಮೆನು ಒಂದೇ ಹಾಳೆ, ಅದೂ ಒಂದೇ ಬದಿಗೆ ಅಚ್ಚಾದದ್ದು. ಅವರ ಎರಡನೇ ಶಾಖೆಯ ಮೆನು ನಾಲ್ಕು ಪುಟ. ಹೇಳಬೇಕಾದ ಅರ್ಧ ಮಾತು ಇಷ್ಟರಲ್ಲೇ ಮುಗಿಯಿತು. ರೆಸ್ಟೋರೆಂಟಿನ ಹೆಸರು ಹಾಕುತ್ತಿಲ್ಲ. ಎರಡನೇ ಶಾಖೆಯ ಬಗ್ಗೆ ನನ್ನ ಮಾತು ಸ್ವಲ್ಪ ಖಾರವಾಗಿದೆ, ಆದರೆ ಒಡತಿ ಅದನ್ನು ಸರಿಪಡಿಸಿಕೊಳ್ಳಬಲ್ಲ ಹೆಂಗಸು.

ಮೊದಲು ಊಟದ ವಿಷಯ. ಇಲ್ಲಿ ನಿಮ್ಮ ಮುಂದೆ ಬರುವುದು ಒಂದೇ ದೊಡ್ಡ ತಟ್ಟೆ. ಅದರ ತುಂಬ ಇಂಜೆರ ಹಾಸಿರುತ್ತದೆ: ತೆಫ್ ಎಂಬ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ಅಗಲವಾದ ಕಾವಲಿಯ ಮೇಲೆ ಸುರುಳಿಯಾಗಿ ಹೊಯ್ದು, ಮುಚ್ಚಳ ಮುಚ್ಚಿ ಒಂದೇ ಬದಿ ಬೇಯಿಸಿದ ಮೆತ್ತನೆಯ ಹಾಳೆ. ಮೇಲ್ಮೈಯಲ್ಲಿ ಸಾವಿರಾರು ಸಣ್ಣ ಕಣ್ಣುಗಳು. ಆ ಹಾಸಿನ ಮೇಲೆ ಅಲ್ಲಲ್ಲಿ ಗುಪ್ಪೆಗುಪ್ಪೆಯಾಗಿ ಸಾರುಗಳು: ಕೆಂಪು ಬೇಳೆಯ ಮಿಸಿರ್ ವೊಟ್, ಅರಿಶಿನದ ಬಣ್ಣದ ಕಿಕ್ ಅಲಿಚ, ಕಡಲೆ ಹಿಟ್ಟಿನ ಶಿರೊ, ಸೊಪ್ಪಿನ ಗೊಮೆನ್, ನಡುವೆ ಕೋಳಿಯ ಡೊರೊ ವೊಟ್ ಮತ್ತು ಅದರೊಳಗೆ ಇಡಿಯಾಗಿ ಬೆಂದ ಮೊಟ್ಟೆ. ಪಕ್ಕದಲ್ಲಿ ಸುತ್ತಿಟ್ಟ ಇನ್ನಷ್ಟು ಇಂಜೆರ. ಚಮಚವಿಲ್ಲ. ಇಂಜೆರದ ತುಂಡು ಹರಿದು, ಅದರಿಂದಲೇ ಹಿಡಿದು ತಿನ್ನುವುದು. ಕೂತವರೆಲ್ಲ ಒಂದೇ ತಟ್ಟೆಗೆ ಕೈ ಹಾಕುವುದು. ಕೊನೆಗೆ ಸಾರುಗಳ ರಸವನ್ನೆಲ್ಲ ಹೀರಿಕೊಂಡು ಅಡಿಯಲ್ಲಿ ಉಳಿದ ಹಾಳೆಯೇ ಈ ಊಟದ ಅತ್ಯುತ್ತಮ ಭಾಗ. ಅದನ್ನು ಬಿಟ್ಟು ಎದ್ದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಉಗ್ರಾಣದವನ ಕಣ್ಣಿಗೆ ಈ ತಟ್ಟೆ ಬೇರೆಯೇ ಕಾಣುತ್ತದೆ. ಇಷ್ಟು ಬಣ್ಣ, ಇಷ್ಟು ರುಚಿ. ಆದರೆ ಒಳಗೆ ದಾಸ್ತಾನು ಎಷ್ಟು? ಈರುಳ್ಳಿ, ಎರಡು ಮೂರು ಬಗೆಯ ಬೇಳೆ, ಕಡಲೆ ಹಿಟ್ಟು, ಸೊಪ್ಪು, ಕೋಳಿ, ಮೊಟ್ಟೆ, ಗೋಮಾಂಸ, ಬೆಣ್ಣೆ. ಇವೆಲ್ಲ ಯಾವ ಊರಿನ ಮಾರುಕಟ್ಟೆಯಲ್ಲೂ ಬೆಳಗ್ಗೆ ಕೊಂಡು ಸಂಜೆಗೆ ಖಾಲಿ ಮಾಡಬಹುದಾದ ಸಾಮಾನು. ದೂರದಿಂದ ತರಿಸಲೇಬೇಕಾದವು ಬೆರಳೆಣಿಕೆಯಷ್ಟು: ತೆಫ್ ಹಿಟ್ಟು, ಒಣಮೆಣಸಿನ ಮಸಾಲೆಪುಡಿ ಬರ್ಬೆರೆ, ಕೊರರಿಮ ಎಂಬ ಇಥಿಯೋಪಿಯಾದ ಏಲಕ್ಕಿ, ತುಪ್ಪಕ್ಕೆ ಹಾಕುವ ಕೆಲವು ಒಣಗಿದ ಎಲೆಗಳು. ಎಲ್ಲವೂ ಒಣ ಸಾಮಾನು. ಡಬ್ಬದಲ್ಲಿ ಗಟ್ಟಿಯಾಗಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ವಿಮಾನದಲ್ಲಿ ಮಂಜುಗಡ್ಡೆಯ ಮೇಲೆ ಬರಬೇಕಾದ ಮೀನು ನಂಬಿಕೊಂಡು ವಿದೇಶಿ ರುಚಿಯ ಅಂಗಡಿ ತೆರೆದವರು ಒಂದು ದಿನ ಗಿರಾಕಿ ಬರದಿದ್ದರೆ ಅಳುತ್ತಾರೆ. ಇಲ್ಲಿ ಗಿರಾಕಿ ಬರದ ದಿನ ಬೇಳೆ ಚೀಲದಲ್ಲಿಯೇ ಇರುತ್ತದೆ.

ಮಿಕ್ಕ ಇಂಜೆರ ಏನಾಗುತ್ತದೆ ಎಂದು ಕೇಳಿದೆ. ಅದಕ್ಕೂ ಆ ಅಡುಗೆಯೊಳಗೇ ದಾರಿಯಿದೆ. ನಿನ್ನೆಯ ಇಂಜೆರವನ್ನು ಚೂರು ಮಾಡಿ ಖಾರದ ಸಾರಿನಲ್ಲಿ ಹೊರಳಿಸಿದರೆ ಫಿರ್ಫಿರ್. ಇಥಿಯೋಪಿಯಾದಲ್ಲಿ ಅದು ಬೆಳಗಿನ ತಿಂಡಿ. ಇಲ್ಲಿ ಬಾಗಿಲು ತೆರೆದ ಮೊದಲ ಎರಡು ಗಂಟೆ ಅದೊಂದೇ ಸಿಗುತ್ತದೆ, ಮುಗಿದರೆ ಮುಗಿಯಿತು. ಅಡುಗೆಮನೆಯ ಹಿಂದಿನ ಕಸದ ಡಬ್ಬವನ್ನೂ ಇಣುಕಿ ನೋಡಿದೆ. ಈರುಳ್ಳಿ ಸಿಪ್ಪೆ, ಮೊಟ್ಟೆಯ ಚಿಪ್ಪು, ಕಾಫಿಯ ಗಸಿ. ಬೇಯಿಸಿದ ಪದಾರ್ಥ ಹೆಚ್ಚುಕಡಿಮೆ ಇರಲೇ ಇಲ್ಲ. ನನ್ನ ಪ್ರಕಾರ ರೆಸ್ಟೋರೆಂಟಿನ ನಿಜವಾದ ವಿಮರ್ಶೆ ಅಲ್ಲಿಂದಲೇ ಶುರುವಾಗಬೇಕು.

ಇವರು ಶುರು ಮಾಡಿದ್ದು ವಾರಾಂತ್ಯದ ಸಂತೆಯಲ್ಲಿ ಒಂದು ಡೇರೆ ಹಾಕಿಕೊಂಡು. ಆಗ ಇದ್ದದ್ದು ಎರಡೇ ಪದಾರ್ಥ: ಶಿರೊ ಮತ್ತು ಮಿಸಿರ್ ವೊಟ್. ನಿಂತು ನೋಡುವವರ ಕೈಗೆ ಒಂದು ಬೆರಳಗಲದ ಇಂಜೆರದ ಮೇಲೆ ಒಂದಿಷ್ಟು ಸಾರು ಹಚ್ಚಿ ಪುಕ್ಕಟೆ ಕೊಡುತ್ತಿದ್ದರಂತೆ. ತಿಂದು ಮುಖ ಸಿಂಡರಿಸಿದವರನ್ನೂ ಮತ್ತೊಂದು ತುಂಡು ಕೇಳಿದವರನ್ನೂ ಒಡತಿ ಗಮನಿಸುತ್ತಿದ್ದರು. ಇಂಜೆರದ ಹುಳಿ ಮೊದಲ ಸಲಕ್ಕೆ ಹೆಚ್ಚೆನಿಸುತ್ತದೆ ಎಂಬುದು ಅವರಿಗೆ ತಿಳಿದದ್ದು ಹಾಗೆ. ಆದರೆ ಹುಳಿ ಕಡಿಮೆ ಮಾಡಲಿಲ್ಲ. ಬದಲಿಗೆ ಮೊದಲ ತುತ್ತಿಗೆ ಖಾರದ ಬೇಳೆ ಬಿಟ್ಟು ಶಿರೊ ಹಚ್ಚಿ ಕೊಡಲು ತೊಡಗಿದರು. ಕಡಲೆಯ ಸವಿ ಹುಳಿಯನ್ನು ತಡೆದುಕೊಳ್ಳುತ್ತದೆ. ಇವರಲ್ಲಿ ನನಗೆ ಮೆಚ್ಚುಗೆಯಾದದ್ದು ಈ ಬುದ್ಧಿ. ಗಿರಾಕಿಗಾಗಿ ಪದಾರ್ಥವನ್ನು ಬದಲಿಸದೆ, ಅದರ ಬಳಿಗೆ ಹೋಗುವ ದಾರಿಯನ್ನು ಬದಲಿಸಿದರು.

ಆಮೇಲೆ, ಬೆಳಗಿನ ತಿಂಡಿ ಮಾತ್ರ ಮಾರಿ ಮಧ್ಯಾಹ್ನ ಬಾಗಿಲು ಹಾಕುವ ಒಂದು ಅಂಗಡಿಯ ಅಡುಗೆಮನೆಯನ್ನು ಸಂಜೆಯ ಹೊತ್ತಿಗೆ ಬಾಡಿಗೆಗೆ ಹಿಡಿದರು. ಸ್ವಂತ ಒಲೆಯಿಲ್ಲ, ಸ್ವಂತ ಮೇಜಿಲ್ಲ, ಮುಂಗಡವಿಲ್ಲ. ತಂದದ್ದು ತಮ್ಮ ವಿದ್ಯುತ್ ಕಾವಲಿ ಮತ್ತು ಹುಳಿ ಹಿಟ್ಟಿನ ಡ್ರಮ್ಮು. ಹೊಸ ರುಚಿಯ ಅಂಗಡಿ ತೆರೆಯುವ ಆಸೆಯಿರುವವರು ಮೊದಲ ದಿನವೇ ಗೋಡೆಗೆ ಚಿತ್ರ ಬರೆಸಿ, ದೀಪಗಳಿಗೆ ಹಣ ಸುರಿಯುವುದನ್ನು ಬೇಕಾದಷ್ಟು ಕಂಡಿದ್ದೇನೆ. ಹತ್ತರಲ್ಲಿ ಒಂಬತ್ತು ರೆಸ್ಟೋರೆಂಟುಗಳು ಮೊದಲ ವರ್ಷವೇ ಮುಚ್ಚುತ್ತವೆ ಎಂಬ ಮಾತು ಉದ್ಯಮದಲ್ಲಿ ಬಹಳ ಓಡಾಡುತ್ತದೆ. ಅದು ಉತ್ಪ್ರೇಕ್ಷೆ. ಅಮೆರಿಕದ ಕೊಲಂಬಸ್ ನಗರದ ರೆಸ್ಟೋರೆಂಟುಗಳ ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೊದಲ ವರ್ಷ ಮುಚ್ಚಿದವು ಅಥವಾ ಕೈ ಬದಲಾದವು ಸುಮಾರು ನಾಲ್ಕರಲ್ಲಿ ಒಂದು. ಆದರೆ ಮೂರು ವರ್ಷ ಮುಗಿಯುವ ಹೊತ್ತಿಗೆ ಆ ಪ್ರಮಾಣ ನೂರಕ್ಕೆ ಅರವತ್ತರ ಹತ್ತಿರ ಬಂದಿತ್ತು. ಎಂದರೆ ಹೊಸತನದ ಕುತೂಹಲ ಒಂದು ವರ್ಷ ನಡೆಸುತ್ತದೆ. ಆಮೇಲೆ ನಡೆಸಬೇಕಾದದ್ದು ಲೆಕ್ಕ.

ಈ ಲೆಕ್ಕದಲ್ಲಿ ಇವರು ಗಟ್ಟಿ. ಅಡುಗೆ ಸಾಮಾನಿನ ಖರ್ಚು ಮತ್ತು ಕೆಲಸದವರ ಸಂಬಳ ಎರಡೂ ಸೇರಿ ಮಾರಾಟದ ನೂರಕ್ಕೆ ಅರವತ್ತು, ಹೆಚ್ಚೆಂದರೆ ಅರವತ್ತೈದನ್ನು ದಾಟಬಾರದು ಎಂಬುದು ನಮ್ಮ ಉದ್ಯಮದ ಹಳೆಯ ಅಳತೆ. ಸಸ್ಯಾಹಾರಿ ತಟ್ಟೆ ಇವರನ್ನು ಆ ಗೆರೆಯ ಒಳಗೆ ಇಟ್ಟಿದೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ, ಈಸ್ಟರಿಗೆ ಮುಂಚಿನ ದೀರ್ಘ ಉಪವಾಸದ ಕಾಲದಲ್ಲಂತೂ ದಿನವೂ, ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಆದ್ದರಿಂದ ಆ ಅಡುಗೆಯಲ್ಲಿ ಬೇಳೆ-ಸೊಪ್ಪಿನ ಊಟ ಮಾಂಸದ ಊಟದ ಬಡ ನೆಂಟನಲ್ಲ, ಅದಕ್ಕೆ ತನ್ನದೇ ಘನತೆಯಿದೆ. ಒಡತಿ ಆ ಎರಡು ದಿನ ಉಪವಾಸದ ತಟ್ಟೆಯನ್ನು ಮಾತ್ರ ಮಾಡುತ್ತಾರೆ. ಮೊದಲ ತಿಂಗಳುಗಳಲ್ಲಿ ಕೋಳಿ ಕೇಳಿ ಬಂದವರು ಗೊಣಗಿ ಹೋದರಂತೆ. ಈಗ ವಾರದ ಅತಿ ಹೆಚ್ಚು ಜನ ಬರುವುದು ಬುಧವಾರ. ಬೇಳೆಯ ಬೆಲೆಗೂ ಕೋಳಿಯ ಬೆಲೆಗೂ ಇರುವ ಅಂತರ ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ರುಚಿಗೆ ಬರುತ್ತೇನೆ. ಡೊರೊ ವೊಟ್ ಅದ್ಭುತ. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಎಣ್ಣೆ ಹಾಕದೆ, ಅದರ ನೀರಿನಲ್ಲಿಯೇ ಬಹಳ ಹೊತ್ತು ಬಾಡಿಸಿ, ಆಮೇಲೆ ಮಸಾಲೆಯ ತುಪ್ಪ ನಿಟರ್ ಕಿಬೆ ಮತ್ತು ಬರ್ಬೆರೆ ಹಾಕಬೇಕು. ಅವಸರ ಮಾಡಿದರೆ ಈರುಳ್ಳಿಯ ಚೂರು ನಾಲಿಗೆಗೆ ಸಿಗುತ್ತದೆ. ಇಲ್ಲಿ ಸಿಗಲಿಲ್ಲ, ಕಡುಗೆಂಪು ಗೊಜ್ಜಿನಲ್ಲಿ ಈರುಳ್ಳಿ ಎಲ್ಲಿದೆ ಎಂದು ಹುಡುಕಬೇಕಾಯಿತು. ಖಾರ ಬಾಯಿಗೆ ಬಿದ್ದ ಕ್ಷಣ ಹೊಡೆಯುವುದಿಲ್ಲ, ಒಂದೆರಡು ತುತ್ತಿನ ನಂತರ ಗಂಟಲಿನ ಹಿಂದಿನಿಂದ ಏರುತ್ತದೆ. ಶಿರೊ ಕುದಿಯುತ್ತಲೇ ಮಣ್ಣಿನ ಪಾತ್ರೆಯಲ್ಲಿ ಬರುತ್ತದೆ. ಕಿಕ್ ಅಲಿಚ ಸೌಮ್ಯ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಗೊಮೆನ್ ಮಾತ್ರ ನನಗೆ ಹಿಡಿಸಲಿಲ್ಲ. ಸೊಪ್ಪು ಬೆಂದು ಬೆಂದು ಬಣ್ಣ ಕಳೆದುಕೊಂಡಿತ್ತು, ಉಪ್ಪೂ ಮುಂದಾಗಿತ್ತು. ಬೇರೆ ದಿನವೂ ಹಾಗೇ ಇತ್ತು, ಆದ್ದರಿಂದ ಇದು ಕೈತಪ್ಪಲ್ಲ, ಅಡುಗೆಯವರ ಅಭ್ಯಾಸ. ಮಸಾಲೆ ತುಪ್ಪ ಬೆರೆಸಿದ ಹಸಿ ಗೋಮಾಂಸದ ಕೊಚ್ಚು, ಕಿಟ್ಫೊ, ನಾನು ತಿನ್ನುವುದಿಲ್ಲ. ಜೊತೆಗೆ ಬಂದಿದ್ದ ಹಳೆಯ ಸಹೋದ್ಯೋಗಿ, ಮಾಂಸದ ವಿಭಾಗ ನೋಡಿಕೊಂಡಿದ್ದವರು, ತರಿಸಿಕೊಂಡು ಮೂಸಿ, ತಿರುವಿ, ತಿಂದು ತಲೆಯಾಡಿಸಿದರು. ಅವರ ತಲೆ ಸುಲಭಕ್ಕೆ ಆಡುವುದಲ್ಲ.

ಬಡಿಸುವವರ ಬಗ್ಗೆ ವಿಶೇಷವಾಗಿ ಬರೆಯಬೇಕು. ಗೋಡೆಯ ಮೇಲೆ ತಿನ್ನುವ ವಿಧಾನದ ಫಲಕವಿಲ್ಲ, ಮೇಜಿನ ಮೇಲೆ ಪಾಠದ ಕಾರ್ಡೂ ಇಲ್ಲ. ಹೊಸಬರೆಂದು ಕಂಡರೆ ಬಡಿಸುವ ಹುಡುಗಿ ಸುತ್ತಿಟ್ಟ ಇಂಜೆರದಿಂದ ಒಂದು ತುಂಡು ಹರಿದು, ಅದು ಎಷ್ಟು ದೊಡ್ಡದಿರಬೇಕೆಂದು ತೋರಿಸಿ ಹೋಗುತ್ತಾಳೆ. ಅಷ್ಟೇ ಸಾಕು. ಪಕ್ಕದ ಮೇಜಿನ ವಯಸ್ಸಾದ ದಂಪತಿ ಚಮಚ ಕೇಳಿದಾಗ ಮುಗುಳ್ನಗದೆ, ಉಪದೇಶಿಸದೆ ತಂದುಕೊಟ್ಟಳು. ವಿದೇಶಿ ಊಟದ ಜಾಗಗಳಲ್ಲಿ ಗಿರಾಕಿಗೆ ತಾನು ಪೆದ್ದನೆಂಬ ಭಾವನೆ ಬಂದರೆ ಅವನು ಊಟ ಚೆನ್ನಾಗಿತ್ತೆಂದು ಹೇಳಿ ಹೋಗುತ್ತಾನೆ, ಮತ್ತೆ ಬರುವುದಿಲ್ಲ.

ನನ್ನ ತಂಗಿಯ ಮಗಳಿಗೆ ಗೋಧಿ ಆಗುವುದಿಲ್ಲ. ಗೋಧಿ, ಬಾರ್ಲಿಯಲ್ಲಿರುವ ಗ್ಲೂಟನ್ ಎಂಬ ಪ್ರೋಟೀನು ಇರುವ ಯಾವುದನ್ನು ತಿಂದರೂ ಎರಡು ದಿನ ಮಲಗುತ್ತಾಳೆ. ತೆಫ್‌ನಲ್ಲಿ ಗ್ಲೂಟನ್ ಇಲ್ಲ ಎಂದು ಎಲ್ಲೋ ಓದಿ ಆಸೆಯಿಂದ ಬಂದಿದ್ದಳು. "ಮಾವ, ನೀವೇ ಕೇಳಿ, ನಾನು ಕೇಳಿದರೆ ರಗಳೆಯವಳು ಎಂದುಕೊಳ್ಳುತ್ತಾರೆ" ಎಂದಳು. ಕೇಳಿದೆ. ಹುಡುಗಿ ಒಳಗೆ ಹೋಗಿ ಒಡತಿಯನ್ನೇ ಕರೆತಂದಳು. ಅವರ ಉತ್ತರ ನೇರವಾಗಿತ್ತು: ದಿನದ ಇಂಜೆರದಲ್ಲಿ ತೆಫ್ ಜೊತೆ ಗೋಧಿಯೂ ಬಾರ್ಲಿಯೂ ಇದೆ, ಇವರು ತಿನ್ನಬಾರದು, ಶುದ್ಧ ತೆಫ್‌ನದು ಬೇಕಾದರೆ ಮೂರು ದಿನ ಮುಂಚೆ ಹೇಳಿ, ಹಿಟ್ಟನ್ನೂ ಕಾವಲಿಯನ್ನೂ ಬೇರೆಯಾಗಿಯೇ ಇಡುತ್ತೇವೆ. ಅಂದು ಅವಳಿಗೆ ಶಿರೊ ಮತ್ತು ಬೇಳೆಯನ್ನು ಅನ್ನದ ಜೊತೆ ಬೇರೆ ತಟ್ಟೆಯಲ್ಲಿ ಕೊಟ್ಟರು. ಮುಂದಿನ ಸಲ ಹೇಳಿಟ್ಟು ಹೋದೆವು. ಕಂದು ಬಣ್ಣದ, ಹುಳಿ ಹೆಚ್ಚಿರುವ, ಸ್ವಲ್ಪ ಒಡೆಯುವ ಶುದ್ಧ ತೆಫ್ ಇಂಜೆರ ತಿಂದು ಅವಳು ಆರಾಮವಾಗಿಯೇ ಇದ್ದಳು.

ತೆಫ್ ಜೊತೆ ಗೋಧಿ ಬೆರೆಸುವುದು ಮೋಸವಲ್ಲ, ಹೇಳದೆ ಬೆರೆಸುವುದು ಮೋಸ. ಗಸಗಸೆಗಿಂತ ದೊಡ್ಡದಲ್ಲದ ಈ ಕಾಳು ದುಬಾರಿ. ಇಥಿಯೋಪಿಯಾ ತನ್ನ ಜನರಿಗೆ ಬೆಲೆ ಏರಬಾರದೆಂದು 2006ರಲ್ಲಿ ತೆಫ್ ಕಾಳಿನ ರಫ್ತನ್ನೇ ನಿಲ್ಲಿಸಿತು. ಸುಟ್ಟು ಸಿದ್ಧವಾದ ಇಂಜೆರವನ್ನು ಮಾತ್ರ ವಿಮಾನದಲ್ಲಿ ಕಳಿಸಬಹುದಿತ್ತು. ಅಮೆರಿಕದ ಐಡಾಹೊದಲ್ಲಿ 1980ರ ದಶಕದಿಂದಲೇ ತೆಫ್ ಬೆಳೆಯುತ್ತಿದ್ದದ್ದರಿಂದ ಹೊರದೇಶಗಳ ಇಥಿಯೋಪಿಯನ್ ಅಡುಗೆಮನೆಗಳಿಗೆ ಉಸಿರಾಡಲು ಆಯಿತು. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯವರ ಆಳ್ವಿಕೆ ಉರುಳಿದ ಮೇಲೆ ದೇಶ ಬಿಟ್ಟವರು ವಾಷಿಂಗ್ಟನ್ ಮೊದಲಾದ ನಗರಗಳಲ್ಲಿ ತೆರೆದ ಊಟದ ಮನೆಗಳಿಂದ ಈ ಅಡುಗೆ ಹೊರಗಿನವರ ನಾಲಿಗೆಗೆ ಪರಿಚಯವಾಯಿತು. ಥಾಯ್ ಅಡುಗೆಯ ಕತೆಯೇ ಬೇರೆ: 2002ರಲ್ಲಿ ಅಲ್ಲಿನ ಸರ್ಕಾರವೇ ಜಗತ್ತಿನಾದ್ಯಂತ ಥಾಯ್ ರೆಸ್ಟೋರೆಂಟುಗಳ ಸಂಖ್ಯೆ ಹೆಚ್ಚಿಸಲು ಯೋಜನೆ ಹಾಕಿಕೊಂಡಿತು. ಇಥಿಯೋಪಿಯನ್ ಅಡುಗೆಯ ಬೆನ್ನಿಗೆ ಅಂಥ ಕೈ ಇರಲಿಲ್ಲ, ಒಬ್ಬೊಬ್ಬ ಒಡತಿಯೂ ತನ್ನ ಪಾಡಿಗೆ ತಾನು ಜನರನ್ನು ಒಲಿಸಿಕೊಳ್ಳಬೇಕಾಯಿತು.

ಕಾಫಿ ಕುಡಿಯದೆ ಏಳಬೇಡಿ. ಹಸಿ ಬೀಜವನ್ನು ನಿಮ್ಮೆದುರೇ ಹುರಿದು, ಕುಟ್ಟಿ, ಜೆಬೆನ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕಾಯಿಸಿ, ಅದೇ ಪುಡಿಗೆ ಮತ್ತೆ ನೀರು ಹಾಕುತ್ತ ಮೂರು ಸುತ್ತು ಕೊಡುತ್ತಾರೆ. ಒಂದೊಂದು ಸುತ್ತೂ ಹಿಂದಿನದಕ್ಕಿಂತ ತೆಳು. ಎಲ್ಲ ಮುಗಿಯಲು ಒಂದು ಗಂಟೆ ಬೇಕು. ಜನ ಕಾಯುತ್ತಿರುವಾಗ ಒಂದು ಮೇಜು ಒಂದು ಗಂಟೆ ಕಾಫಿಗೆ ಹೋದರೆ ಯಾವ ಗಲ್ಲಾ ತಾನೇ ತಡೆದೀತು? ಇವರು ಕಿಟಕಿಯ ಬಳಿ ಮೋಟು ಕಾಲಿನ ಮಣೆಗಳನ್ನು ಹಾಕಿ ಕಾಫಿಗೇ ಒಂದು ಮೂಲೆ ಮಾಡಿದ್ದಾರೆ. ಊಟ ಮುಗಿಸಿದವರು ತಾವಾಗಿ ಎದ್ದು ಅಲ್ಲಿಗೆ ಹೋಗುತ್ತಾರೆ, ಮೇಜು ಖಾಲಿಯಾಗುತ್ತದೆ, ಹುರಿದ ಬೀಜದ ಪರಿಮಳ ಬೀದಿಗೂ ಹೋಗುತ್ತದೆ. ಯಾರನ್ನೂ ಎಬ್ಬಿಸದೆ ಎಬ್ಬಿಸುವ ಈ ಉಪಾಯಕ್ಕೆ ನಾನು ತಲೆಬಾಗಿದೆ.

ಇನ್ನು ಎರಡನೇ ಶಾಖೆ.

ಜಾಗ ಮೊದಲನೆಯದಕ್ಕಿಂತ ಮೂರು ಪಟ್ಟು ದೊಡ್ಡದು. ಬಣ್ಣದ ಛತ್ರಿಗಳು, ಹೆಣೆದ ಬುಟ್ಟಿಮೇಜುಗಳು, ಗೋಡೆಯ ಮೇಲೆ ಸಿಂಹ. ಮೆನುವಿನಲ್ಲಿ ಬರ್ಬೆರೆ ಹಚ್ಚಿದ ಬರ್ಗರ್, ಇಂಜೆರದೊಳಗೆ ಸುತ್ತಿದ ಏನೇನೋ, ಮೂರು ಬಗೆಯ ಪಾಸ್ತಾ. ಪಾಸ್ತಾ ಬಗ್ಗೆ ನನ್ನ ತಕರಾರಿಲ್ಲ. 1936ರಿಂದ 1941ರವರೆಗೆ ಇಟಲಿ ಇಥಿಯೋಪಿಯಾವನ್ನು ಹಿಡಿದಿಟ್ಟಿತ್ತು, ಪಾಸ್ತಾ ಅಲ್ಲಿನವರ ಊಟಕ್ಕೆ ಸೇರಿ ಎಷ್ಟೋ ಕಾಲವಾಗಿದೆ. ತಕರಾರು ಇರುವುದು ಇಂಜೆರದ ಮೇಲೆ. ಅದನ್ನು ಇಲ್ಲಿ ಸುಡುವುದಿಲ್ಲ. ಬೆಳಗ್ಗೆ ಮೊದಲ ಶಾಖೆಯಿಂದ ಅಟ್ಟಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ವ್ಯಾನಿನಲ್ಲಿ ಬರುತ್ತದೆ. ಬಿಸಿ ಆರುವ ಮುನ್ನ ಸುತ್ತಿದ್ದರಿಂದ ಬೆವೆತು, ಕಣ್ಣುಗಳೆಲ್ಲ ಮುಚ್ಚಿಕೊಂಡು, ಹರಿಯಲು ಹೋದರೆ ಬೆರಳಿಗೆ ಅಂಟುತ್ತಿತ್ತು. ಸಂಜೆಯ ಹೊತ್ತಿಗೆ ಅಂಚು ಬಿರುಕು. ಹುಳಿಯೂ ಕಡಿಮೆ: ಎರಡು ಅಂಗಡಿಗೆ ಸಾಲುವಷ್ಟು ಹಿಟ್ಟು ಬೇಕಾದಾಗ ಮೂರನೆಯ ದಿನಕ್ಕೆ ಕಾಯಲು ಆಗುತ್ತಿಲ್ಲವೆಂದು ನನ್ನ ಊಹೆ. ಡೊರೊ ವೊಟ್‌ನ ಖಾರವನ್ನೂ ಇಳಿಸಿದ್ದಾರೆ, ಈರುಳ್ಳಿಯ ಚೂರುಗಳು ಹಾಯಾಗಿ ತೇಲುತ್ತಿದ್ದವು.

ಇದನ್ನೆಲ್ಲ ಕ್ಷಮಿಸಬಹುದು. ಕ್ಷಮಿಸಲಾಗದವು ಎರಡು. ಒಂದು, ನನ್ನ ಸೋದರ ಸೊಸೆ ಅದೇ ಪ್ರಶ್ನೆ ಕೇಳಿದಾಗ ಬಡಿಸುವ ಹುಡುಗ ಕಣ್ಣು ಮಿಟುಕಿಸದೆ "ನಮ್ಮದೆಲ್ಲ ಗ್ಲೂಟನ್ ಇಲ್ಲದ್ದೇ" ಎಂದ. ಇಂಜೆರ ಬರುವುದು ಅದೇ ಗೋಧಿ ಬೆರೆತ ಹಿಟ್ಟಿನಿಂದ. ಅವಳು ಮೊದಲ ಶಾಖೆಯ ಉತ್ತರ ನೆನಪಿಟ್ಟುಕೊಂಡಿದ್ದರಿಂದ ತಿನ್ನಲಿಲ್ಲ. ತಿಳಿಯದವರು ಬಂದಿದ್ದರೆ? ಎರಡು, ಕಿಟ್ಫೊ. ಕೊಚ್ಚಿದ ಮಾಂಸವೂ ಅದೇ ವ್ಯಾನಿನಲ್ಲಿ ಬರುತ್ತದೆ. ಇಡೀ ತುಂಡಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ; ಕೊಚ್ಚಿದಾಗ ಅವು ಎಲ್ಲ ಕಡೆ ಹರಡುತ್ತವೆ, ಹೊತ್ತು ಕಳೆದಷ್ಟೂ ಬೆಳೆಯುತ್ತವೆ. ಹಸಿಯಾಗಿ ಬಡಿಸುವ ಮಾಂಸವನ್ನು ಬಡಿಸುವ ಜಾಗದಲ್ಲಿ, ಬಡಿಸುವ ಹೊತ್ತಿಗೆ ಕೊಚ್ಚಬೇಕು. ಮೊದಲ ಶಾಖೆಯಲ್ಲಿ ಹಾಗೆಯೇ ಮಾಡುತ್ತಾರೆ. ಇಲ್ಲಿ ಅದಕ್ಕೆ ಜಾಗ ಮಾಡಲಾಗದಿದ್ದರೆ ಮೆನುವಿನಿಂದ ತೆಗೆಯಲಿ, ಅಥವಾ ಚೆನ್ನಾಗಿ ಬೇಯಿಸಿಯೇ ಕೊಡಲಿ.

ಒಡತಿಗೆ ಇದನ್ನೆಲ್ಲ ಹೇಳಿದೆ. ಬೆಳೆಯಬೇಡಿ ಎನ್ನಲು ಹೋಗಲಿಲ್ಲ. ಮೂವತ್ತು ಕುರ್ಚಿಯ ಅಂಗಡಿ ಎಷ್ಟೇ ತುಂಬಿದರೂ ಮೂವತ್ತು ಕುರ್ಚಿಯದೇ. ಆದರೆ ವ್ಯಾನಿನಲ್ಲಿ ಹೋಗಬೇಕಾದದ್ದು ಸುಟ್ಟ ಇಂಜೆರವಲ್ಲ, ಹುಳಿ ಹಿಟ್ಟು. ಹಿಟ್ಟು ಪ್ರಯಾಣವನ್ನು ತಾಳುತ್ತದೆ, ಹಾಳೆ ತಾಳುವುದಿಲ್ಲ. ಅಲ್ಲಿ ಎರಡು ಕಾವಲಿ ಇಟ್ಟರೆ ಸಾಕು. ಒಂದು ಇಂಜೆರಕ್ಕೆ ಎರಡು ಮೂರು ನಿಮಿಷ, ಮುಂಗೈ ತಿರುಗಿಸಲು ಬಲ್ಲ ಒಬ್ಬರು ಬೇಕು. ಸಾರುಗಳ ಮಾತು ಬೇರೆ. ಅವನ್ನು ಒಂದೇ ಕಡೆ ಕುದಿಸಿ ಕಳಿಸಿದರೆ ಕೆಡುಕಿಲ್ಲ, ಮಾರನೆಯ ದಿನದ ಮಿಸಿರ್ ವೊಟ್ ಮೊದಲ ದಿನದ್ದಕ್ಕಿಂತ ರುಚಿ. ಮೊಬೈಲಿನಲ್ಲಿ ತರಿಸಿಕೊಳ್ಳುವವರಿಗೆ ತಟ್ಟೆಯನ್ನು ಹಾಗೇ ಡಬ್ಬಕ್ಕೆ ತುಂಬಿ ಕಳಿಸುವುದನ್ನು ನಿಲ್ಲಿಸಿ, ಇಂಜೆರ ಬೇರೆ, ಸಾರು ಬೇರೆ ಕಟ್ಟಬೇಕು. ಆ ಮಾರಾಟದಲ್ಲಿ ನೂರಕ್ಕೆ ಮೂವತ್ತರವರೆಗೂ ದಲ್ಲಾಳಿಗೆ ಹೋಗುವಾಗ, ಒದ್ದೆಯಾದ ಊಟ ಕಳಿಸಿ ಹೆಸರನ್ನೂ ಕಳೆದುಕೊಳ್ಳುವುದು ಯಾವ ವ್ಯಾಪಾರ?

ಅವರು ಬರೆದುಕೊಂಡರು. ಬರ್ಗರ್ ತೆಗೆಯುವುದಿಲ್ಲವಂತೆ, ಮಕ್ಕಳು ಅದಕ್ಕಾಗಿಯೇ ಅಪ್ಪ ಅಮ್ಮನನ್ನು ಎಳೆದು ತರುತ್ತಾರೆ, ಅಪ್ಪ ಅಮ್ಮ ತಟ್ಟೆ ಹೇಳುತ್ತಾರೆ ಎಂದರು. ಅದು ನನಗೆ ಹೊಳೆದಿರಲಿಲ್ಲ, ಸರಿಯಿರಬಹುದು. ಮಾಂಸ ಕೊಚ್ಚುವ ಯಂತ್ರ ಮತ್ತು ಒಂದು ಕಾವಲಿ ಎರಡನೇ ಶಾಖೆಗೆ ಬರಲಿವೆ ಎಂದೂ ಹೇಳಿದರು.

ಅದು ಬರುವವರೆಗೆ ಮೊದಲ ಶಾಖೆಗೇ ಹೋಗಿ, ಬುಧವಾರ, ಸಂಜೆಯ ಜನ ಸೇರುವ ಮುಂಚೆ. ಇಬ್ಬರಿಗೆ ಒಂದು ಉಪವಾಸದ ತಟ್ಟೆ ಸಾಕು, ಗೊಮೆನ್ ಬದಲು ಇನ್ನಷ್ಟು ಶಿರೊ ಕೇಳಿದರೆ ಕೊಡುತ್ತಾರೆ. ಡೊರೊ ವೊಟ್ ಬೇಕಾದರೆ ಶನಿವಾರ. ಗೋಧಿ ಆಗದವರು ಮೂರು ದಿನ ಮುಂಚೆ ಫೋನು ಮಾಡಿ, ಮಾತನ್ನು ಒಡತಿಯೊಡನೆಯೇ ಆಡಿ. ಎರಡನೇ ಶಾಖೆಯಲ್ಲಿ ಸದ್ಯಕ್ಕೆ ಧೈರ್ಯವಾಗಿ ತರಿಸಿಕೊಳ್ಳಬಹುದಾದದ್ದು ಕಾಫಿ ಮತ್ತು, ಹೇಳಲು ಸಂಕೋಚವಾದರೂ, ಆ ಬರ್ಗರ್.